ಹೇಳಬಾರದ ತುತ್ತು

ಭಾನುವಾರ ಎಣ್ಣೆನೀರು ಹಾಕುವಾಗ ಮಂಜುಳಮ್ಮನ ಕಣ್ಣಿಗೆ ಅದು ಬಿತ್ತು. ಮೊಮ್ಮಗಳ ಎಡಗೈಯ ಮೊಣಕೈ ಒಳಮಡಿಕೆಯಲ್ಲಿ ಸೂಜಿ ಚುಚ್ಚಿದ ಗುರುತು, ಅದರ ಸುತ್ತ ಹೆಬ್ಬೆಟ್ಟಿನಗಲ ನೀಲಿ. ಪ್ಲಾಸ್ಟರ್ ಕಿತ್ತ ಅಂಟು ಇನ್ನೂ ಹೋಗಿರಲಿಲ್ಲ.

“ಇದೇನೇ ಇಂಚರಾ?”

ಹುಡುಗಿ ಕೈ ಮಡಿಸಿಕೊಂಡಳು. “ಏನಿಲ್ಲ ಅಜ್ಜಿ.”

“ಏನಿಲ್ದೆ ನೀಲಿಗಟ್ಟತ್ತಾ? ಯಾರು ಚುಚ್ಚಿದ್ದು?”

“ನೀರು ಹಾಕಜ್ಜಿ, ಕಣ್ಣಿಗೆ ಸೀಗೆಪುಡಿ ಹೋಯ್ತು.”

ಎಂಟು ವರ್ಷದ ಮಗು ಹೀಗೆ ಮಾತು ಮರೆಸುವುದನ್ನು ಎಲ್ಲಿ ಕಲಿಯಿತು ಎಂದು ಮಂಜುಳಮ್ಮನಿಗೆ ದಿಗಿಲಾಯಿತು. ಆಕೆ ಎರಡು ಚೊಂಬು ನೀರು ಸುರಿದು, ಟವಲ್ಲಿನಲ್ಲಿ ತಲೆ ಒರೆಸುತ್ತ ಲೆಕ್ಕ ಹಾಕಿದಳು. ನಿನ್ನೆ ಶನಿವಾರ. ಸೊಸೆ ಸಂಧ್ಯಾ, ಮಗುವಿಗೆ ಶೂ ತರಬೇಕು ಎಂದು ತುಮಕೂರಿಗೆ ಕರೆದುಕೊಂಡು ಹೋಗಿದ್ದಳು. ಬೆಳಿಗ್ಗೆ ಹೋದವರು ಮಧ್ಯಾಹ್ನ ಬಂದರು. ಶೂ ಎಲ್ಲಿ ಅಂದರೆ, “ಸೈಜ್ ಸಿಗ್ಲಿಲ್ಲ ಅತ್ತೆ” ಅಂದಿದ್ದಳು. ಇಡೀ ತುಮಕೂರಿನಲ್ಲಿ ಈ ಪುಟ್ಟ ಕಾಲಿಗೆ ಒಂದು ಶೂ ಸಿಗಲಿಲ್ಲವಂತೆ.

ಕಾಲು ಪುಟ್ಟದಾಗಿದ್ದದ್ದು ನಿಜ. ಇಂಚರ ಮೂರನೇ ಕ್ಲಾಸಿನಲ್ಲಿದ್ದರೂ ನೋಡಿದವರು ಯುಕೆಜಿಯಾ ಅಂತ ಕೇಳುತ್ತಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಹೋದ ವರ್ಷದ ಯೂನಿಫಾರಂ ಲಂಗ ಉದ್ದದಲ್ಲಿ ಈ ವರ್ಷವೂ ಸರಿಯಾಗಿತ್ತು, ಸೊಂಟದಲ್ಲಿ ಮಾತ್ರ ಹುಕ್ಕು ಕೂರುತ್ತಿರಲಿಲ್ಲ. ಮಂಜುಳಮ್ಮ ಜಂತುಹುಳುವಿನ ಔಷಧಿ ಹಾಕಿಸಿದ್ದಳು, ದೃಷ್ಟಿ ತೆಗೆದಿದ್ದಳು, ಗೂಳೂರಿನ ಗಣಪತಿಗೆ ಹರಕೆ ಹೊತ್ತಿದ್ದಳು. ಯಾವುದೂ ಒಂದು ಇಂಚು ಬೆಳೆಸಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಂಜುಳಮ್ಮನ ಗಂಡ ಲಕ್ಷ್ಮೀನರಸಿಂಹಯ್ಯ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುತ್ತಿದ್ದು ನಿವೃತ್ತನಾದವನು, ಈಗ ಊರಾಚೆಯ ಎರಡೆಕರೆ ತೆಂಗು ನೋಡಿಕೊಳ್ಳುತ್ತಿದ್ದ. ಮಗ ಭಾನುಪ್ರಕಾಶನಿಗೆ ಬಿದರೆಹಳ್ಳಿ ಕಾವಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಸಂಧ್ಯಾ ತುಮಕೂರಿನ ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕು. ದಿನಾ ಗುಬ್ಬಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದಳು.

ಮಂಜುಳಮ್ಮ ಸಾರಿನ ಸೌಟು ಕೈಯಲ್ಲೇ ಹಿಡಿದು ಕೇಳಿದಳು. “ಸಂಧ್ಯಾ, ಮಗೂಗೆ ಏನ್ ಚುಚ್ಚಿಸ್ಕೊಂಡು ಬಂದೆ ನಿನ್ನೆ?”

ಸಂಧ್ಯಾ ತಲೆಯೆತ್ತಿ ಮಗಳನ್ನು ನೋಡಿದಳು. ಮಗಳು ತಟ್ಟೆ ನೋಡುತ್ತಿದ್ದಳು.

“ಅವಳೇನೂ ಹೇಳ್ಲಿಲ್ಲ. ನಂಗೂ ಕಣ್ಣಿದೆ.”

“ರಕ್ತ ಪರೀಕ್ಷೆ ಮಾಡ್ಸಿದೆ ಅತ್ತೆ. ಮಕ್ಕಳ ಡಾಕ್ಟರ ಹತ್ರ ತೋರಿಸ್ದೆ. ಯಾಕೆ ಬೆಳೀತಿಲ್ಲ ಅಂತ ನೋಡ್ಬೇಕಲ್ಲ.”

“ಶೂ ಅಂತ ಸುಳ್ಳು ಹೇಳ್ಕೊಂಡಾ?”

“ನಿಜ ಹೇಳಿದ್ರೆ ಬಿಡ್ತಿದ್ರಾ? ಹೋದ್ಸಲ ಹೇಳ್ದಾಗ, ನಮ್ಮ ಮನೆ ಮಗೂಗೆ ರೋಗ ಅಂಟಿಸ್ಬೇಡ ಅಂದ್ರಿ.”

“ರೋಗ ಅಲ್ಲ ಕಣೇ ಅದು. ಹೊಟ್ಟೆಯಲ್ಲಿ ಇದ್ದಾಗ್ಲೇ ನೀನು ತಿನ್ಲಿಲ್ಲ. ಒಂಬತ್ತು ತಿಂಗಳೂ ರೈಲು ಹತ್ತಿ ಇಳಿದೆ. ಎರಡು ಕೇಜಿ ಇಲ್ದಿರೋ ಕೂಸು ಹೆತ್ತೆ. ಈಗ ಡಾಕ್ಟ್ರನ್ನ ಕೇಳಕ್ಕೆ ಹೋಗಿದೀಯ ಯಾಕೆ ಅಂತ!”

ಸಂಧ್ಯಾಳ ಮುಖ ಕೆಂಪಾಯಿತು. “ಹುಟ್ಟಿದಾಗ ಸಣ್ಣಗಿದ್ಳು ಸರಿ. ಆಮೇಲೆ ಎಂಟು ವರ್ಷ ಇವಳಿಗೆ ಅನ್ನ ಹಾಕ್ತಿರೋರು ಯಾರು? ನಾನು ಬೆಳಿಗ್ಗೆ ಹೋದ್ರೆ ಕತ್ತಲಾದ್ಮೇಲೆ ಬರೋದು. ಮಧ್ಯೆ ಏನ್ ಹಾಕ್ತೀರೋ, ಹಾಕ್ತೀರೋ ಇಲ್ವೋ, ಯಾರಿಗ್ಗೊತ್ತು?”

“ಭಾನೂ, ಕೇಳಿಸ್ಕೊಂಡ್ಯೇನೋ? ನಾನು ಮೊಮ್ಮಗಳನ್ನ ಉಪವಾಸ ಕೆಡವ್ತೀನಂತೆ.”

ಭಾನುಪ್ರಕಾಶ ಮುದ್ದೆ ಮುರಿಯುತ್ತ, “ಊಟದ ಹೊತ್ತಲ್ಲಿ ಬೇಡ ಅಮ್ಮ” ಅಂದ. ಅವನು ಯಾವ ಹೊತ್ತಿನಲ್ಲೂ ಹೇಳುತ್ತಿದ್ದ ಮಾತು ಅದೊಂದೇ.

“ಜೂನ್‌ನಿಂದ ಇವಳನ್ನ ತುಮಕೂರಿನ ಸ್ಕೂಲಿಗೆ ಹಾಕ್ತೀನಿ,” ಅಂದಳು ಸಂಧ್ಯಾ. “ನನ್ನ ಜೊತೆ ರೈಲಲ್ಲಿ ಹೋಗ್ಲಿ, ನನ್ನ ಜೊತೆ ಬರ್ಲಿ. ನನ್ನ ಕಣ್ಣೆದುರಿಗೆ ಇರ್ಲಿ.”

ಇಂಚರ, “ನಂಗೆ ಸಾಕು, ಹಸಿವಿಲ್ಲ” ಎಂದು ಅರ್ಧ ಮುದ್ದೆ ಬಿಟ್ಟು ಎದ್ದಳು. ಅತ್ತೆ ಸೊಸೆಯನ್ನೂ ಸೊಸೆ ಅತ್ತೆಯನ್ನೂ ನೋಡಿದರು. ಆ ಅರ್ಧ ಮುದ್ದೆಯ ಅಪರಾಧ ಇನ್ನೊಬ್ಬಳದೇ ಎಂಬುದು ಇಬ್ಬರ ಕಣ್ಣಿನಲ್ಲೂ ಇತ್ತು.

ಅಂದಿನಿಂದ ಮಂಜುಳಮ್ಮ ಮನೆಯಲ್ಲಿ ಕಾವಲು ಕೂತಳು. ಸೊಸೆ ರೈಲು ಹತ್ತಿದ ಮೇಲೆ ಊಟದ ಡಬ್ಬಿ ತಿಕ್ಕುವ ನೆಪದಲ್ಲಿ ಮೂಸಿ ನೋಡುವುದು, ಮಗುವಿನ ಬ್ಯಾಗಿನ ಜೇಬು ಸೋಸುವುದು, ಸಂಧ್ಯಾ ಫೋನಿನಲ್ಲಿ ತಾಯಿಯ ಜೊತೆ ಮೆಲ್ಲಗೆ ಮಾತಾಡಿದರೆ ನೀರು ತುಂಬುವವಳ ಹಾಗೆ ನಲ್ಲಿಯ ಹತ್ತಿರ ನಿಲ್ಲುವುದು. ಬ್ಯಾಗಿನಲ್ಲಿ ಒಮ್ಮೆ ಎಣ್ಣೆ ಹೀರಿದ ಬೇಕರಿ ಕಾಗದ ಸಿಕ್ಕಿತು. ‘ಮನೇಲಿ ಒಳ್ಳೇ ತಿಂಡಿ ಮಾಡಿಕೊಡಕ್ಕೆ ಇವಳಿಗೆ ಪುರುಸೊತ್ತಿಲ್ಲ, ಅಂಗಡಿಯದು ತುರುಕ್ತಾಳೆ’ ಅಂದುಕೊಂಡಳು.

ಗುರುವಾರ ಇಸ್ತ್ರಿ ಸೀರೆ ಇಡಲು ಹೋದಾಗ ಬೀರುವಿನ ಹಿಂದೆ ಒಂದು ದೊಡ್ಡ ಡಬ್ಬಿ ಸಿಕ್ಕಿತು. ಮೇಲೆ ಎತ್ತರಕ್ಕೆ ಜಿಗಿಯುವ ಹುಡುಗನ ಚಿತ್ರ. ಒಳಗೆ ಸಿಹಿ ವಾಸನೆಯ ಪುಡಿ, ಅರ್ಧಕ್ಕಿಂತ ಹೆಚ್ಚು ಖಾಲಿ.

ಆಕೆ ಅದನ್ನು ತಂದು ಗಂಡನ ಮುಂದೆ ಇಟ್ಟಳು. “ನೋಡ್ರೀ. ಏನೋ ಕುಡಿಸ್ತಿದಾಳೆ ಮಗೂಗೆ. ಕದ್ದು.”

ಲಕ್ಷ್ಮೀನರಸಿಂಹಯ್ಯ ಕನ್ನಡಕ ಏರಿಸಿ ಓದಿದ. “ಹಾಲಿಗೆ ಹಾಕೋ ಪುಡಿ ಅಂತೆ. ಉದ್ದ ಆಗ್ತಾರಂತೆ.”

“ಬೆಳೆಸೋ ಪುಡಿ ಬಚ್ಚಿಟ್ಟು ಯಾಕೆ ಕೊಡ್ಬೇಕು?”

“ಬುಡು ಮಂಜುಳಾ, ತಾಯಿ ಅಲ್ವಾ,” ಎಂದು ಅವನು ಟವಲ್ ಕೊಡವಿ ಎದ್ದ. ಇಂಚರಾಳನ್ನು ಸ್ಕೂಲಿನಿಂದ ಕರೆತರುವ ಹೊತ್ತಾಗಿತ್ತು. ಸ್ಕೂಲು ಅಲ್ಲೇ ತಿರುವಿನಲ್ಲಿದ್ದರೂ ಅಜ್ಜ ಮೊಮ್ಮಗಳು ಬರಲು ಯಾವಾಗಲೂ ತಡವಾಗುತ್ತಿತ್ತು.

ಅವರು ಬಂದ ಕೂಡಲೇ ಮಂಜುಳಮ್ಮ ಮಗುವನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ದಿನವೂ ಹೀಗೇ. ಬಿಸಿ ಅನ್ನಕ್ಕೆ ಎರಡು ಚಮಚ ತುಪ್ಪ, ಸಕ್ಕರೆ. ಮೇಲೆ ಒಂದು ಹೋಳು ಕೊಬ್ಬರಿ, ಬೆಲ್ಲದ ಚೂರು. ಹಲ್ಲು ಹುಳುಕಾಗುತ್ತದೆಂದು ಸಂಧ್ಯಾ ಸಿಹಿ ಬೇಡ ಅಂದಿದ್ದಳು. ಬ್ಯಾಂಕಿನಲ್ಲಿ ಕೂತವಳಿಗೆ ಮಕ್ಕಳ ಹೊಟ್ಟೆಯ ವಿಷಯ ಏನು ಗೊತ್ತು?

“ತಿನ್ನು ಬಂಗಾರಿ. ಇದ್ರಿಂದ್ಲೇ ನಿಮ್ಮಪ್ಪ ಅಷ್ಟುದ್ದ ಆಗಿದ್ದು. ಅಮ್ಮಂಗೆ ಹೇಳ್ಬೇಡ.”

ಇಂಚರ ನಿಧಾನವಾಗಿ, ಒಂದೊಂದೇ ತುತ್ತು, ಪಾಠ ಬರೆಯುವ ಹಾಗೆ ತಿಂದು ಮುಗಿಸಿದಳು.

ಮರುವಾರ ಮಂಜುಳಮ್ಮ ಒಂದು ಚೀಲ ತೆಂಗಿನಕಾಯಿ ಹೊರಿಸಿಕೊಂಡು ಬಸ್ಸು ಹತ್ತಿದಳು. ತುಮಕೂರಿನಲ್ಲಿ ಒಂದು ಬಸ್ಸು, ಕುಣಿಗಲ್‌ನಲ್ಲಿ ಇನ್ನೊಂದು ಬದಲಿಸಿ ಕೊತ್ತಗೆರೆಯಲ್ಲಿ ಇಳಿದಳು. ಬೀಗಿತ್ತಿ ಸಿದ್ದಲಕ್ಷ್ಮಮ್ಮ ರಾಗಿ ಕೇರುತ್ತಿದ್ದವಳು ಮೊರ ಬಿಟ್ಟು ಎದ್ದು ಬಂದಳು.

“ಏನಕ್ಕಾ, ಒಂದ್ ಮಾತು ಹೇಳ್ದೆ ಬಂದ್ಬುಟ್ರಿ? ಮಗೀಗೇನೂ ಆಗಿಲ್ವಲ್ಲ?”

“ನೀವೇ ಹೇಳ್ಬೇಕು. ನಿಮ್ಮ ಮಗಳು ನಮಗೇನೂ ಹೇಳಲ್ಲ.”

ಕಾಫಿ ಬಂತು. ಮಾತು ಮೊದಲು ಮಳೆ, ಕಾಯಿ, ರಾಗಿ ಎಂದು ಸುತ್ತಾಡಿತು. ಆಮೇಲೆ ಸಿದ್ದಲಕ್ಷ್ಮಮ್ಮ ತಾನೇ ಬಾಯಿ ಬಿಟ್ಟಳು.

“ತೆಪ್ಪು ತಿಳ್ಕೋಬ್ಯಾಡಿ ಅಕ್ಕಾ. ಆ ಮಗಿ ಇಲ್ಲಿಗೆ ಬಂದ್ರೆ ನಾನ್ ಕೊಟ್ಟಿದ್ದೆಲ್ಲ ತಿಂತದೆ. ಕಜ್ಜಾಯ ಕೊಟ್ರೆ ಕಜ್ಜಾಯ, ಚಕ್ಲಿ ಕೊಟ್ರೆ ಚಕ್ಲಿ. ಒಂದ್ ದಪಾನೂ ಬ್ಯಾಡ ಅನ್ನಲ್ಲ. ಅಲ್ಲೇನು ಕಾಣ್ದಂಗೆ ಇರ್ತದೋ ಅಂತ ನಂಗೆ ಕಳ್ಳು ಚುರುಕ್ ಅಂತದೆ.”

ಮಂಜುಳಮ್ಮ ಲೋಟ ಕೆಳಗಿಟ್ಟಳು. “ನಮ್ಮ ಮನೇಲಿ ಮಗೂಗೆ ಅನ್ನ ಇಲ್ಲ ಅಂತೀರಾ? ಮಗು ಹಿಂಗಾಗಿದ್ದು ನಿಮ್ಮ ಮಗಳ ಬಸುರಿನಲ್ಲಿ.”

“ಅವ್ಳು ಏನ್ ಮಾಡಾಳು? ಏಳನೇ ತಿಂಗಳಲ್ಲೇ ಸ್ಕ್ಯಾನಿಂಗಲ್ಲಿ ಮಗಿ ಬೆಳೀತಾ ಇಲ್ಲ ಅಂದ್ರಂತೆ. ಎಷ್ಟು ಅತ್ಲು ಗೊತ್ತಾ ಇಲ್ಲಿ ಕೂತ್ಕಂಡು!”

“ಏಳನೇ ತಿಂಗಳಲ್ಲೇ ಗೊತ್ತಿತ್ತಾ?”

ಸಿದ್ದಲಕ್ಷ್ಮಮ್ಮ ನಾಲಗೆ ಕಚ್ಚಿಕೊಂಡಳು.

“ನಮಗ್ಯಾಕೆ ಹೇಳ್ಲಿಲ್ಲ?”

“ನೀವು ಆಡ್ಕೋತೀರಾ ಅಂತ.” ಆಕೆ ಮೊರದ ಕಡೆ ನೋಡುತ್ತ ಹೇಳಿದಳು. “ಆಡ್ಕೊಳ್ಳಲ್ಲ ಅಂತೀರಾ ಅಕ್ಕಾ?”

ಬಸ್ಸಿನಲ್ಲಿ ವಾಪಸು ಬರುವಾಗ ಮಂಜುಳಮ್ಮನ ತಲೆಯಲ್ಲಿ ಆ ಒಂದೇ ವಿಷಯ. ಎಂಟು ವರ್ಷ ಒಂದೇ ಸೂರಿನಡಿ ಇದ್ದು ಇಷ್ಟು ದೊಡ್ಡದನ್ನು ಮುಚ್ಚಿಟ್ಟವಳು ಇನ್ನೇನೇನು ಮುಚ್ಚಿಟ್ಟಿರಬಹುದು? ಸೀಮಂತದ ದಿನ ತಾನು ಮಡಿಲು ತುಂಬುವಾಗ ಅವಳು ಅತ್ತಿದ್ದು ನೆನಪಾಯಿತು. ಆಗ ತಾನು ಸಂತೋಷದ ಅಳು ಅಂದುಕೊಂಡಿದ್ದಳು. ಸಿಟ್ಟಿನ ಜೊತೆಗೆ ಬೇರೆ ಏನೋ ಒಂದು ಎದೆಯಲ್ಲಿ ಅಲುಗಿತು. ಮಂಜುಳಮ್ಮ ಅದನ್ನು ಅಲ್ಲೇ ಅದುಮಿದಳು.

ಎರಡನೇ ಪರೀಕ್ಷೆಗೆ ಆಕೆ ಹಟ ಹಿಡಿದು ಜೊತೆಗೆ ಹೋದಳು. ಬರಿಹೊಟ್ಟೆಯ ಮಗುವಿಗೆ ಒಂದು ಮಾತ್ರೆ ಕೊಟ್ಟು, ಅರ್ಧರ್ಧ ಗಂಟೆಗೊಮ್ಮೆ ಕೈಗೆ ಹಾಕಿದ ನಳಿಗೆಯಿಂದ ರಕ್ತ ತೆಗೆದರು. ನರ್ಸು ಮಗುವಿನ ಎತ್ತರ ಅಳೆದಳು, ಸೊಂಟಕ್ಕೆ ಟೇಪು ಸುತ್ತಿದಳು, ಇಕ್ಕಳದಂಥ ಒಂದು ಸಾಧನದಲ್ಲಿ ತೋಳಿನ ಚರ್ಮ, ಬೆನ್ನಿನ ಚರ್ಮ ಹಿಡಿದು ನೋಡಿದಳು. “ಇಷ್ಟು ರಕ್ತ ಯಾಕಮ್ಮ? ಇರೋದೇ ಒಂದು ಹಿಡಿ ಮಗು” ಎಂದು ಮಂಜುಳಮ್ಮ ಮೂರು ಸಲ ಕೇಳಿದಳು. ಸಂಧ್ಯಾ ಒಂದು ಸಲವೂ ಆಕೆಯ ಕಡೆ ತಿರುಗಲಿಲ್ಲ.

ವಾರದ ಮೇಲೆ ಡಾಕ್ಟರು, ಮಗುವಿಗೆ ಊಟ ಹಾಕುವವರೆಲ್ಲ ಬರಬೇಕು ಎಂದು ಹೇಳಿಕಳಿಸಿದರು. ಭಾನುಪ್ರಕಾಶ ರಜೆ ಹಾಕಿದ. ಮಗುವಿನ ಬೇಸಿಗೆ ರಜೆಯೆಲ್ಲ ಕೊತ್ತಗೆರೆಯಲ್ಲೇ ಕಳೆಯುವುದರಿಂದ ಸಿದ್ದಲಕ್ಷ್ಮಮ್ಮನೂ ಬಂದಳು. ಆ ಚಿಕ್ಕ ಕೋಣೆಯಲ್ಲಿ ಕುರ್ಚಿ ಸಾಲದೆ ಗಂಡಸರು ಗೋಡೆಗೆ ಒರಗಿ ನಿಂತರು.

ಡಾಕ್ಟರ್ ಅರ್ಜೂ ಮಧ್ಯವಯಸ್ಸಿನ ಹೆಂಗಸು. ದನಿ ಮೆಲ್ಲಗಿದ್ದರೂ ನೇರವಾಗಿ ಮಾತಾಡುತ್ತಿದ್ದರು.

“ಇವಳು ದಿನ ತುಂಬಿಯೇ ಹುಟ್ಟಿದ್ರೂ ತೂಕ ತುಂಬಾ ಕಮ್ಮಿ ಇತ್ತು. ಹಾಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ತುಂಬೋದ್ರೊಳಗೆ ಬೇರೆ ಮಕ್ಕಳ ಸಮಕ್ಕೆ ಬಂದ್ಬಿಡ್ತಾರೆ. ಕೆಲವರು ಬರಲ್ಲ. ಇವಳು ಬಂದಿಲ್ಲ.”

“ಬಸುರಿನಲ್ಲಿ ಸರಿಯಾಗಿ ತಿನ್ನದಿದ್ರೆ ಹಿಂಗಾಗೋದಲ್ವಾ ಡಾಕ್ಟ್ರೇ?” ಮಂಜುಳಮ್ಮ ಕೇಳಿದಳು.

“ಹಾಗೆ ಒಂದೇ ಕಾರಣ ಹೇಳಕ್ಕಾಗಲ್ಲಮ್ಮ. ಹೊಟ್ಟೆಯೊಳಗಿನ ಮಾಸಿನಿಂದ ಮಗೂಗೆ ಆಹಾರ ಸರಿಯಾಗಿ ಹೋಗದೆ ಇರಬಹುದು. ತಾಯಿ ಎಷ್ಟು ತಿಂದ್ರೂ ಹೋಗಲ್ಲ. ಇವರ ಹಳೇ ಸ್ಕ್ಯಾನಿಂಗ್ ನೋಡಿದ್ರೆ ನಂಗೆ ಹಾಗೇ ಅನ್ಸತ್ತೆ.”

ಸಂಧ್ಯಾ ಕಿಟಕಿಯ ಕಡೆ ಮುಖ ಮಾಡಿದಳು.

“ಈಗಿನ ವಿಷಯ ಕೇಳಿ. ಬೆಳೆಯೋದಕ್ಕೆ ದೇಹದಲ್ಲಿ ಒಂದು ಹಾರ್ಮೋನ್ ಬೇಕು. ಪರೀಕ್ಷೇಲಿ ಅದು ಕಮ್ಮಿ ಬಂದಿದೆ. ಥೈರಾಯ್ಡ್ ಎಲ್ಲ ಸರಿಯಾಗಿದೆ. ಆದ್ರೆ ಈ ಕಮ್ಮಿ ನಿಜವಾದ ಕಮ್ಮಿಯೋ ಅಲ್ವೋ ಈಗ್ಲೇ ಹೇಳಲಾರೆ. ಯಾಕಂದ್ರೆ ಹೊಟ್ಟೆ ಸುತ್ತ ಕೊಬ್ಬು ಜಾಸ್ತಿ ಇದ್ರೆ ಆ ಹಾರ್ಮೋನ್ ತಾನಾಗೇ ಕುಗ್ಗತ್ತೆ.”

“ಇವಳಿಗೇನು ಕೊಬ್ಬು? ಕೈ ನೋಡಿ, ಕಡ್ಡಿ.”

“ಅದನ್ನೇ ಹೇಳ್ತಿರೋದು. ಕೈಕಾಲಲ್ಲಿ ಮಾಂಸ ಇಲ್ಲ, ಎಲ್ಲಾ ಹೊಟ್ಟೇಲಿದೆ. ಸಣ್ಣಗೆ ಹುಟ್ಟಿದ ಮಕ್ಕಳಿಗೆ ಬೇಕಾದ್ದಕ್ಕಿಂತ ಹೆಚ್ಚು ತಿನ್ನಿಸಿದ್ರೆ ಅದು ಎತ್ತರಕ್ಕೆ ಹೋಗಲ್ಲ, ಅಡ್ಡಕ್ಕೆ ಹೋಗತ್ತೆ. ದಿನಾ ಏನೇನು ತಿಂತಾಳೆ ಹೇಳಿ.”

ಸಂಧ್ಯಾ ಹೇಳಿದಳು. ಬೆಳಿಗ್ಗೆ ಎರಡು ಇಡ್ಲಿ, ಅದೂ ಬಲವಂತಕ್ಕೆ. ಡಬ್ಬಿಯಲ್ಲಿ ಚಿತ್ರಾನ್ನ, ಅರ್ಧ ವಾಪಸು. ರಾತ್ರಿ ಒಂದು ಸಣ್ಣ ಮುದ್ದೆ, ಅದರಲ್ಲೂ ಉಳಿಸುತ್ತಾಳೆ.

ಡಾಕ್ಟರ್ ತಲೆಯಾಡಿಸಿದರು. “ಇಷ್ಟೇ ತಿಂದ್ರೆ ಈ ಹೊಟ್ಟೆ ಬರಲ್ಲ.” ಅವರು ಕುರ್ಚಿ ಮುಂದೆಳೆದು ಮಗುವಿನ ಹತ್ತಿರ ಬಾಗಿದರು. “ನೀನೇ ಹೇಳು ಪುಟ್ಟ. ಇದು ಬಿಟ್ಟು ಬೇರೆ ಏನು ತಿಂತೀಯಾ?”

“ಹೇಳ್ಬಾರ್ದು” ಅಂದಳು ಇಂಚರ.

“ಯಾರು ಹೇಳ್ಬಾರ್ದು ಅಂದಿದ್ದು?”

ಮಗು ಕೋಣೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿತು. “ಎಲ್ಲರೂ.”

“ಇಲ್ಲಿ ಹೇಳಬಹುದು. ಯಾರೂ ಬೈಯಲ್ಲ. ಬೈದ್ರೆ ನಾನು ಅವರನ್ನ ಆಚೆ ಕಳಿಸ್ತೀನಿ.”

“ಅಜ್ಜಿ ತುಪ್ಪ ಸಕ್ಕರೆ ಅನ್ನ ಕೊಡ್ತಾರೆ, ಕೊಬ್ಬರಿ ಬೆಲ್ಲ ಕೊಡ್ತಾರೆ. ಅಮ್ಮಂಗೆ ಹೇಳ್ಬಾರ್ದು. ಅಮ್ಮ ಬೆಳಿಗ್ಗೆ ಒಂದ್ಸಲ, ರಾತ್ರಿ ಮಲ್ಗೋವಾಗ ಒಂದ್ಸಲ ಪುಡಿ ಹಾಲು ಕೊಡ್ತಾರೆ. ಅಜ್ಜಿಗೆ ಹೇಳ್ಬಾರ್ದು. ತಾತ ಸ್ಕೂಲ್ ಬಿಟ್ಮೇಲೆ ಬೇಕರೀಲಿ ಎಗ್ ಪಫ್ಸು, ಬೆಣ್ಣೆ ಬಿಸ್ಕತ್ತು. ಯಾರ್ಗೂ ಹೇಳ್ಬಾರ್ದು. ಅಪ್ಪ ಬೈಕಲ್ಲಿ ಕರ್ಕೊಂಡು ಹೋದಾಗ ಗೋಬಿ. ಕೊತ್ತಗೆರೆ ಅಜ್ಜಿ ಬಟ್ಟೆ ಬ್ಯಾಗಲ್ಲಿ ಕಜ್ಜಾಯ ಇಟ್ಟು ಕಳಿಸ್ತಾರೆ. ಗುಬ್ಬಿಯವ್ರಿಗೆ ಕಾಣ್ಬಾರ್ದು.”

ಮಂಜುಳಮ್ಮ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ಮಕ್ಕಳ ಚಿತ್ರಪಟ ನೋಡುತ್ತಿದ್ದ. ಭಾನುಪ್ರಕಾಶ ಕತ್ತು ಉಜ್ಜಿಕೊಂಡ. ಸಿದ್ದಲಕ್ಷ್ಮಮ್ಮ ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದಿದ್ದಳು.

“ಇಷ್ಟೆಲ್ಲ ತಿನ್ನೋಷ್ಟು ಹಸಿವಾಗ್ತಿತ್ತಾ ನಿಂಗೆ?”

“ಇಲ್ಲ.”

“ಮತ್ತೆ ಬೇಡ ಅನ್ನಬಹುದಿತ್ತಲ್ಲ?”

“ಬೇಡ ಅಂದ್ರೆ ಹೊಟ್ಟೆ ತುಂಬಿದೆ ಅಂತ ಗೊತ್ತಾಗತ್ತೆ. ಆಮೇಲೆ ಯಾರು ಕೊಟ್ಟಿದ್ದು ಅಂತ ಕೇಳ್ತಾರೆ. ಗೊತ್ತಾದ್ರೆ ಜಗಳ ಆಡ್ತಾರೆ.” ಇಂಚರ ಅಂಗೈಯಿಂದ ಮೂಗು ಒರೆಸಿಕೊಂಡಳು. “ಮನೇಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡ್ತಾರಲ್ಲ. ಅದೊಂದಕ್ಕೆ ಬೇಡ ಅಂತಿದ್ದೆ.”

ಡಾಕ್ಟರ್ ಅರ್ಜೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಮಂಜುಳಮ್ಮನಿಗೆ ಅನ್ನಿಸಿತು. ಮೂರು ತಿಂಗಳು ಮನೆಯ ಊಟ, ಎಲ್ಲರ ಎದುರಿಗೆ. ಮೊಟ್ಟೆ, ಕಾಳು, ಸೊಪ್ಪು. ಸಂಜೆ ಆಟ, ಹೊತ್ತಿಗೆ ಸರಿಯಾಗಿ ನಿದ್ದೆ. ಸಿಹಿ, ಪುಡಿ, ಬೇಕರಿ ಎಲ್ಲ ಬಂದ್. ಆಮೇಲೆ ಮತ್ತೆ ಅಳೆದು, ಮತ್ತೆ ಪರೀಕ್ಷೆ. ಅದೂ ಕಮ್ಮಿ ಬಂದರೆ ಮಾತ್ರ ಇಂಜೆಕ್ಷನ್.

ಎಲ್ಲರೂ ಬಸ್ ಸ್ಟ್ಯಾಂಡಿಗೆ ನಡೆದರು. ಅಲ್ಲಿ ಸಿದ್ದಲಕ್ಷ್ಮಮ್ಮ ಕುಣಿಗಲ್ ಬಸ್ಸು ಹತ್ತುವ ಮೊದಲು ಮೊಮ್ಮಗಳ ಗಲ್ಲ ಮುಟ್ಟಿ, “ಒಂದು ಚಿಕ್ಕ ಮಗೀನ ಬಾಯಿಗೆ ನಾವೆಲ್ಲ ಸೇರ್ಕಂಡು ಬೀಗ ಹಾಕ್ಬುಟ್ಟಿದ್ವಲ್ಲ ಅಕ್ಕಾ” ಅಂದಳು.

ಮನೆಗೆ ಬಂದ ಮೇಲೆ ಜಗಳ ಆಗಲೇಬೇಕಿತ್ತು, ಆಯಿತು.

“ನನ್ನ ಮೇಲೆ ಗೂಬೆ ಕೂರಿಸ್ತಿದ್ರಿ ಎಲ್ಲರೂ,” ಮಂಜುಳಮ್ಮ ಗಂಡನನ್ನು ಹಿಡಿದಳು. “ಪಫ್ಸ್ ತಿನ್ಸಿ ಬಾಯಿ ಒರೆಸ್ಕೊಂಡು ಬರ್ತಿದ್ರಲ್ಲ, ಮುದುಕರಾಗಿ ನಾಚಿಕೆ ಆಗಲ್ವಾ?”

“ಮಗು ಊಟ ಬಿಡ್ತಿತ್ತಲ್ಲೇ. ನೀನು ಅವಳು ಜಗಳ ಆಡ್ಕೊಂಡು ಮಗೂನ ನೋಡ್ತಿಲ್ಲ ಅಂತ ತಿಳ್ಕೊಂಡೆ.”

“ನಾನೂ ಹಂಗೇ ತಿಳ್ಕೊಂಡೆ,” ಅಂದ ಭಾನುಪ್ರಕಾಶ.

ಸಂಧ್ಯಾ ಅಡುಗೆಮನೆಯಿಂದಲೇ, “ನಾನೂ” ಅಂದಳು. ಮತ್ತೆ ಬಾಗಿಲಿಗೆ ಬಂದು, “ಆದ್ರೆ ಅತ್ತೆ, ನೀವು ಕೊತ್ತಗೆರೆಗೆ ಹೋಗಿ ನನ್ನ ವಿಚಾರಣೆ ಮಾಡಿದ್ದು ನಾನು ಮರೆಯಲ್ಲ” ಅಂದಳು.

“ಏಳನೇ ತಿಂಗಳಿಂದ ಮುಚ್ಚಿಟ್ಟಿದ್ದು ನಾನೂ ಮರೆಯಲ್ಲ.”

ಅಲ್ಲಿಗೆ ಅದು ನಿಂತಿತು. ಮುಗಿಯಲಿಲ್ಲ.

ಮುಂದಿನ ವಾರಗಳು ಮಂಜುಳಮ್ಮನಿಗೆ ಕಠಿಣವಾಗಿದ್ದವು. ಸಂಜೆ ಮಗು ಸ್ಕೂಲಿನಿಂದ ಬಂದಾಗ ಕೈ ತಾನಾಗಿ ತುಪ್ಪದ ಗಿಂಡಿಯ ಕಡೆ ಹೋಗುತ್ತಿತ್ತು. ಒಂದು ಮೊಟ್ಟೆ, ಒಂದು ಸೀಬೆಹಣ್ಣು ತಟ್ಟೆಯಲ್ಲಿಟ್ಟು ಜಗುಲಿಯಲ್ಲೇ ಕೊಡುತ್ತಿದ್ದಳು, ಬೀದಿಗೆಲ್ಲ ಕಾಣುವ ಹಾಗೆ. ಎದುರು ಮನೆಯ ಹನುಮಕ್ಕ, “ಏನು ಮಂಜುಳಮ್ಮ, ಮಗೂಗೆ ಇಷ್ಟೇನಾ?” ಅಂದರೆ ಮೈ ಉರಿಯುತ್ತಿತ್ತು. ತಾತ ಬೇಕರಿಯ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಮೊಮ್ಮಗಳನ್ನು ನಡೆಸಿಕೊಂಡು ಬರತೊಡಗಿದ. ಭಾನುಪ್ರಕಾಶ ಒಂದು ಸೈಕಲ್ ತಂದ. ಅನುಮಾನ ಮಾತ್ರ ಮನೆಯಿಂದ ಪೂರ್ತಿ ಹೋಗಲಿಲ್ಲ. ಸಂಧ್ಯಾ ಬಂದ ಕೂಡಲೇ ತುಪ್ಪದ ಗಿಂಡಿ ನೋಡುವುದನ್ನು ಮಂಜುಳಮ್ಮ ಕಂಡಳು. ತಾನೂ ಬೀರುವಿನ ಹಿಂದೆ ಕೈಯಾಡಿಸುವುದನ್ನು ಬಿಟ್ಟಿರಲಿಲ್ಲ.

ಜೂನ್‌ನಲ್ಲಿ ಮತ್ತೆ ಅಳೆದರು. ಸೊಂಟ ಇಳಿದಿತ್ತು, ಎತ್ತರ ಒಂದು ಕೂದಲೆಳೆ ಏರಿತ್ತು. ಪರೀಕ್ಷೆಯಲ್ಲಿ ಹಾರ್ಮೋನ್ ಮೊದಲಿಗಿಂತ ಮೇಲೆ ಬಂದರೂ ಸಾಲುವಷ್ಟು ಬಂದಿರಲಿಲ್ಲ. “ನಿಮ್ಮ ಊಟದ ಪಾಲು ನೀವು ಸರಿ ಮಾಡಿದ್ರಿ. ಉಳಿದದ್ದು ಹುಟ್ಟಿನಿಂದ ಬಂದದ್ದು. ಇಂಜೆಕ್ಷನ್ ಶುರು ಮಾಡೋಣ” ಅಂದರು ಡಾಕ್ಟರ್. ದಿನಕ್ಕೆರಡು ರೈಲು ಪ್ರಯಾಣ ಈ ಮಗುವಿಗೆ ಬೇಡ, ಆಟಕ್ಕೂ ನಿದ್ದೆಗೂ ಹೊತ್ತು ಸಾಲದು ಎಂದೂ ಹೇಳಿದರು. ತುಮಕೂರಿನ ಸ್ಕೂಲಿನ ಮಾತನ್ನು ಸಂಧ್ಯಾ ಮತ್ತೆ ಎತ್ತಲಿಲ್ಲ.

ಇಂಜೆಕ್ಷನ್ ಅಂದರೆ ಪೆನ್ನಿನಂಥದು, ಫ್ರಿಜ್ಜಿನಲ್ಲಿ ಇಡಬೇಕು. ದಿನಾ ಸಂಜೆ ಊಟವಾದ ಮೇಲೆ, ಒಂದೇ ಹೊತ್ತಿಗೆ, ತೊಡೆಗೆ ಚುಚ್ಚಬೇಕು. ನರ್ಸು ಸಂಧ್ಯಾಗೂ ಭಾನುಪ್ರಕಾಶನಿಗೂ ಹೇಳಿಕೊಟ್ಟಳು. ಸಂಧ್ಯಾ ಕೋಣೆಯಲ್ಲಿ ಮಗಳನ್ನು ಕೂರಿಸಿಕೊಂಡು ಹಾಕುವಾಗ ಮಂಜುಳಮ್ಮ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ, ಅವಳೂ ಕೇಳಲಿಲ್ಲ.

ಆಷಾಢದ ಒಂದು ಸಂಜೆ ಗಾಳಿ ಜೋರಾಗಿತ್ತು. ಹೊತ್ತಾದರೂ ಸಂಧ್ಯಾ ಬರಲಿಲ್ಲ. ಭಾನುಪ್ರಕಾಶನಿಗೆ ಎರಡನೇ ಶಿಫ್ಟು. ಇಂಚರ ಊಟ ಮುಗಿಸಿ ಕೂತಿದ್ದಳು. ಫೋನ್ ಬಂತು.

“ಅತ್ತೆ, ರೈಲು ಮಲ್ಲಸಂದ್ರದಲ್ಲೇ ನಿಂತ್ಬಿಟ್ಟಿದೆ. ಲೈನ್ ಮೇಲೆ ಮರ ಬಿದ್ದಿದ್ಯಂತೆ, ಯಾವಾಗ ಬಿಡ್ತಾರೋ ಗೊತ್ತಿಲ್ಲ. ಇಂಜೆಕ್ಷನ್ ನೀವೇ ಹಾಕ್ಬಿಡಿ.”

“ನಾನಾ? ನಂಗೆಲ್ಲಿ ಬರತ್ತೆ?”

“ದಿನಾ ಬಾಗಿಲ ಹತ್ರ ನಿಂತ್ಕೊಂಡು ನೋಡ್ತೀರಲ್ಲ.”

ಮಂಜುಳಮ್ಮ ಫ್ರಿಜ್ಜಿನ ಕಡೆ ನೋಡಿದಳು. “ನನ್ನ ಮೇಲೆ ಅಷ್ಟು ನಂಬಿಕೆ ಬಂತಾ?”

ಆ ಕಡೆ ಯಾರೋ ಕಡಲೇಕಾಯಿ ಮಾರುವ ಕೂಗು ಕೇಳಿಸಿತು. “ನಂಬಿಕೆ ಮಾತು ಆಮೇಲೆ ಅತ್ತೆ. ವಿಡಿಯೋ ಕಾಲ್ ಮಾಡ್ತೀನಿ ತಾಳಿ. ನಾನು ನೋಡ್ತೀನಿ.”

ಬೇರೆ ದಿನವಾಗಿದ್ದರೆ ಮಂಜುಳಮ್ಮ ಫೋನು ಕುಕ್ಕುತ್ತಿದ್ದಳು. ಅವತ್ತು, “ಮಾಡು” ಅಂದಳು.

ಲಕ್ಷ್ಮೀನರಸಿಂಹಯ್ಯ ಫೋನು ಹಿಡಿದು ನಿಂತ. ಮಂಜುಳಮ್ಮ ಕೈ ತೊಳೆದು, ಪೆನ್ನು ತಂದು, ಹೊಸ ಸೂಜಿ ತಿರುಗಿಸಿ ಕೂರಿಸಿದಳು. “ಅಂಕಿ ನೋಡಿ ಅತ್ತೆ, ನನಗೂ ತೋರಿಸಿ” ಅಂದಳು ಸಂಧ್ಯಾ. ತೋರಿಸಿದಳು. ಸ್ಪಿರಿಟ್ ಹತ್ತಿಯಲ್ಲಿ ಮಗುವಿನ ತೊಡೆ ಒರೆಸುವಷ್ಟರಲ್ಲಿ ಫೋನಿನಲ್ಲಿ ಸೊಸೆಯ ಮುಖ ಹಾಗೇ ನಿಂತುಹೋಯಿತು.

“ಕಟ್ಟಾಯ್ತು,” ಅಂದ ಗಂಡ. “ಚುಚ್ಚಿಬಿಡು, ಅಂಕಿ ಸರಿ ಇದ್ಯಲ್ಲ. ಮಗು ಎಷ್ಟೊತ್ತು ಹಿಂಗೇ ಕೂತಿರತ್ತೆ?”

“ಅಮ್ಮ ನೋಡ್ದಿದ್ರೂ ಪರ್ವಾಗಿಲ್ಲ ಅಜ್ಜಿ,” ಅಂದಳು ಇಂಚರ. “ನಾನೇನೂ ಹೇಳಲ್ಲ.”

ಮಂಜುಳಮ್ಮನ ಕೈ ಅಲ್ಲೇ ನಿಂತಿತು.

“ಬೇಡ,” ಅಂದಳು. “ಜಗುಲಿಗೆ ನಡೀರಿ, ಅಲ್ಲಿ ಸಿಗ್ನಲ್ ಸಿಗತ್ತೆ. ಅವಳು ನೋಡ್ಲಿ.”

ಮೂವರೂ ಹೊರಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಕೂತರು. ಎದುರು ಮನೆಯ ಹನುಮಕ್ಕ ಬಾಗಿಲಿಗೆ ಬಂದು ಇಣುಕಿದಳು. ಗಂಡ ಫೋನನ್ನು ಮೇಲೆ ಕೆಳಗೆ ಆಡಿಸಿದ. ಕೊನೆಗೆ ಸಂಧ್ಯಾಳ ಮುಖ ಕಾಣಿಸಿತು, ರೈಲಿನ ಕಿಟಕಿಯ ಸರಳುಗಳ ಪಕ್ಕ.

“ಕಾಣ್ತಿದ್ಯೇನೇ?”

“ಕಾಣ್ತಿದೆ ಅತ್ತೆ.”

“ಸರಿಯಾಗಿ?”

“ಸರಿಯಾಗಿ.”

ಮಂಜುಳಮ್ಮ ಮೊಮ್ಮಗಳ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದಳು. ಚುಚ್ಚಿ ಗುಂಡಿ ಒತ್ತಿದಳು. ಹತ್ತರವರೆಗೆ ಎಣಿಸಿ ತೆಗೆಯಬೇಕು. ಆಕೆ ಸೊಸೆಗೆ ಕೇಳಲೆಂದು ಗಟ್ಟಿಯಾಗಿ ಎಣಿಸತೊಡಗಿದಳು. ಮಲ್ಲಸಂದ್ರದಲ್ಲಿ ನಿಂತ ರೈಲಿನಲ್ಲಿ ಸಂಧ್ಯಾಳ ತುಟಿಯೂ ಅದರ ಜೊತೆಗೇ ಆಡುತ್ತಿತ್ತು.